ಏಳು ತಂತಿಯ ಚೌಡಯ್ಯನವರು ಮತ್ತು ನಮ್ಮ ಅಂಗಡಿಯ ಬಾಸ್ ಬಾಕ್ಸ್

ನಮ್ಮ ಜಿಲ್ಲೆಯ ಮಹನೀಯರೊಬ್ಬರ ಜೀವನ ಕುರಿತು ಬರೆದುಕೊಡಬೇಕೆಂದು ಕನ್ನಡ ಉಪನ್ಯಾಸಕರು ತಿಳಿಸಿದ ದಿನ ತರಗತಿಯಲ್ಲಿ ಎಲ್ಲರೂ ಬೇಗ ಬೇಗ ಒಂದೊಂದು ಹೆಸರು ಹಿಡಿದುಕೊಂಡರು. ನಾಲ್ವಡಿ ಕೃಷ್ಣರಾಜ ಒಡೆಯರು ಮೂವರ ಪಾಲಾದರು, ಟಿಪ್ಪು ಸುಲ್ತಾನ್ ಐವರ ಪಾಲಾದರು. ನಾನು ಪಿಟೀಲು ಚೌಡಯ್ಯನವರ ಹೆಸರು ಕೊಟ್ಟೆ. ನನಗೆ ಸಂಗೀತ ಬರುತ್ತದೆ ಎಂದು ಗೆಳತಿಯರು ತಿಳಿದುಕೊಂಡರು. ಖಂಡಿತ ಇಲ್ಲ. ಕಲ್ಯಾಣಿಗೂ ಕಾಂಬೋಜಿಗೂ ಏನು ವ್ಯತ್ಯಾಸ ಎಂದರೆ ನಾನು ಸುಮ್ಮನೆ ಕೂರಬೇಕು. ನಾನು ಚೌಡಯ್ಯನವರ ಬಳಿಗೆ ಹೋದದ್ದು ಒಂದು ಸ್ಪೀಕರ್ ಬಾಕ್ಸಿನ ದೆಸೆಯಿಂದ.

ನಂಜನಗೂಡಿನಲ್ಲಿ ನಮ್ಮ ಅಬ್ಬಾ ಅವರದು ಮೈಕ್ ಸೆಟ್ ಮತ್ತು ಶಾಮಿಯಾನದ ಅಂಗಡಿ. ಮದುವೆ, ಉರುಸ್, ಗಣೇಶನ ಹಬ್ಬ, ಶಾಲಾ ವಾರ್ಷಿಕೋತ್ಸವ, ಎಲ್ಲದಕ್ಕೂ ಸಾಮಾನು ಹೋಗುತ್ತದೆ. ಕಳೆದ ವರ್ಷ ತಿ. ನರಸೀಪುರದಲ್ಲಿ ಬಯಲಿನಲ್ಲಿ ನಡೆದ ಒಂದು ಆರತಕ್ಷತೆಗೆ ನಮ್ಮದೇ ಮೈಕ್ ಸೆಟ್. ಆರ್ಕೆಸ್ಟ್ರಾದವರು ಸಾಮಾನ್ಯವಾಗಿ ಕೀಬೋರ್ಡು, ರಿದಂ ಪ್ಯಾಡ್ ತರುತ್ತಾರೆ, ಅಷ್ಟಕ್ಕೆ ನಮ್ಮ ಬಾಕ್ಸುಗಳು ಸಾಕು. ಆ ದಿನ ಒಬ್ಬ ಹುಡುಗ ಬಾಸ್ ಗಿಟಾರ್ ತಂದಿದ್ದ. ಅದಕ್ಕೆ ಬೇಕಾದ ಆಂಪ್ಲಿಫೈಯರ್ ಆಗಲಿ ಬಾಕ್ಸ್ ಆಗಲಿ ಅವನ ಬಳಿ ಇರಲಿಲ್ಲ. ವೈರನ್ನು ನೇರವಾಗಿ ಅಬ್ಬಾ ಅವರ ಮಿಕ್ಸರಿಗೇ ಚುಚ್ಚಿದ.

ಅಮ್ಮಿಯ ತವರು ತಿ. ನರಸೀಪುರವಾದ್ದರಿಂದ ನಾವೂ ಹೋಗಿದ್ದೆವು. ನಾವು ಕೂತದ್ದು ಹಿಂದೆ, ಹೆಂಗಸರ ಕೊನೆಯ ಸಾಲಿನಲ್ಲಿ. ಅಬ್ಬಾ ವೇದಿಕೆಯ ಪಕ್ಕದಲ್ಲಿ ಮಿಕ್ಸರ್ ಮುಂದೆ. ಅವರ ಕಿವಿಗೆ ಎಲ್ಲವೂ ಸರಿಯಾಗಿಯೇ ಕೇಳುತ್ತಿತ್ತು. ನಮಗೆ ಮಾತ್ರ ಹಾಡು ಕೇಳುತ್ತಿತ್ತು, ಡೋಲಿನ ಟಪ್ ಟಪ್ ಕೇಳುತ್ತಿತ್ತು, ಬಾಸ್ ಗಿಟಾರ್ ನುಡಿಸುವವನ ಬೆರಳು ಓಡುವುದು ಕಾಣುತ್ತಿತ್ತು, ಅದರ ನಾದ ಮಾತ್ರ ಇಲ್ಲ. ನಡುನಡುವೆ ಬರ್ರ್ ಎಂದು ತಗಡು ನಡುಗಿದ ಹಾಗೆ ಒಂದು ಸದ್ದು. ಹುಡುಗನಿಗೆ ಸಾಲದಾಯಿತು, ಗುಂಡಿ ತಿರುಗಿಸಿದ. ಮೂರನೆಯ ಹಾಡಿಗೆ ಒಂದು ಬಾಕ್ಸಿನ ಕಾಯಿಲ್ ಸುಟ್ಟು ಹೋಯಿತು, ನಾಲ್ಕನೆಯದಕ್ಕೆ ಇನ್ನೊಂದರ ಕಾಗದ ಹರಿಯಿತು. ಮದುವೆ ಮನೆಯವರು ಬಾಡಿಗೆಯಲ್ಲಿ ಅರ್ಧ ಹಿಡಿದುಕೊಂಡರು. ಅವರ ತಪ್ಪೂ ಅಲ್ಲ. ಆ ರಾತ್ರಿ ಟೆಂಪೋದಲ್ಲಿ ಸಾಮಾನು ತುಂಬುವಾಗ ಅಬ್ಬಾ ಒಂದು ಮಾತೂ ಆಡಲಿಲ್ಲ. ಹಿಂದೆ ಕೂತವರಿಗೆ ಮೊದಲಿನಿಂದಲೂ ಕೇಳಿಸಲೇ ಇಲ್ಲ ಎಂದು ನಾನು ತಿಳಿಸಿದ ಮೇಲೆ ಇನ್ನೂ ಸುಮ್ಮನಾದರು.

ಅಮ್ಮಿ ಮತ್ತು ನಾನು ಆ ರಾತ್ರಿ ನಾನಿಯ ಮನೆಯಲ್ಲೇ ಉಳಿದೆವು. ಬೆಳಿಗ್ಗೆ ಮಾಮು ಜೊತೆ ಹೊಳೆಯ ಕಡೆ ಹೋದೆ. ನಂಜನಗೂಡಿನಲ್ಲಿ ನಾವು ದಿನಾ ನೋಡುವ ಕಪಿಲೆಯೇ ಹರಿದು ಬಂದು ಇಲ್ಲಿ ಕಾವೇರಿಗೆ ಸೇರುತ್ತಾಳೆ. ಕಪಿಲೆಯ ಆಚೆ ದಡದಲ್ಲಿ, ಎರಡು ನದಿಗಳ ನಡುವಿನ ನಾಲಿಗೆಯಂಥ ನೆಲದಲ್ಲಿ, ತಿರುಮಕೂಡಲು ಗ್ರಾಮ ಮತ್ತು ಅಗಸ್ತ್ಯೇಶ್ವರ ದೇವಸ್ಥಾನ. ಹಿಂದಿನ ದಿನದ ಕಥೆ ಕೇಳಿದ ಮಾಮು, ಕೊನೆಯ ಸಾಲಿಗೆ ಕೇಳಿಸುವುದಿಲ್ಲ ಎಂಬ ತೊಂದರೆಗೆ ಈ ಊರಿನಲ್ಲಿ ಹುಟ್ಟಿದವರೊಬ್ಬರು ಮೈಕು ಇಲ್ಲದ ಕಾಲದಲ್ಲೇ ದಾರಿ ಹುಡುಕಿದ್ದರು ಎಂದು ಆಚೆ ದಡ ತೋರಿಸಿದರು. ನಾಲ್ಕು ತಂತಿಯ ಪಿಟೀಲಿಗೆ ಏಳು ತಂತಿ ಹಾಕಿದರಂತೆ. ಆ ಊರಿಗೆ ಅಷ್ಟು ಸಲ ಹೋಗಿ ಬಂದ ನನಗೆ ಅದು ಅದುವರೆಗೂ ತಿಳಿದಿರಲಿಲ್ಲ.

ತಿರುಮಕೂಡಲು ಚೌಡಯ್ಯನವರು ಹುಟ್ಟಿದ್ದು 1895ರಲ್ಲಿ, ಒಕ್ಕಲುತನದ ಮನೆತನದಲ್ಲಿ. ತಂದೆ ಅಗಸ್ತ್ಯೇಗೌಡರು, ತಾಯಿ ಸುಂದರಮ್ಮ. ಸಂಗೀತ ಆಗ ಕೆಲವೇ ಮನೆತನಗಳಲ್ಲಿ ಅಪ್ಪನಿಂದ ಮಗನಿಗೆ ಬರುತ್ತಿದ್ದ ವಿದ್ಯೆ. ಹೊಳೆದಂಡೆಯ ಗೌಡರ ಮನೆಯ ಹುಡುಗ ಅದನ್ನೇ ಹಿಡಿದು ಮೈಸೂರಿಗೆ ಹೋದದ್ದು ಸಣ್ಣ ಸಂಗತಿಯಲ್ಲ. ಮೈಸೂರು ಅಲ್ಲಿಂದ ಸುಮಾರು 30 ಕಿಲೋಮೀಟರ್. ಇವತ್ತು ನಾವು ಬಸ್ಸಿನಲ್ಲಿ ಒಂದು ಗಂಟೆಯಲ್ಲಿ ಮುಟ್ಟುವ ದೂರ.

1910ರಲ್ಲಿ, ನಮ್ಮಲ್ಲಿ ಹತ್ತನೆಯ ತರಗತಿ ಓದುವ ವಯಸ್ಸಿನಲ್ಲಿ, ಚೌಡಯ್ಯನವರು ಬಿಡಾರಂ ಕೃಷ್ಣಪ್ಪನವರ ಶಿಷ್ಯರಾದರು. ಕೃಷ್ಣಪ್ಪನವರು ಅರಮನೆಯ ವಿದ್ವಾಂಸರು, ದೊಡ್ಡ ಗಾಯಕರು. ದಾಸರ ಪದಗಳನ್ನು ಭಜನೆಯ ಮನೆಯಿಂದ ಕಛೇರಿಯ ವೇದಿಕೆಗೆ ತಂದವರೆಂದು ಅವರ ಹೆಸರು ಇಂದಿಗೂ ಹೇಳುತ್ತಾರೆ. ಒಂದು ಮಾತು ಗಮನಿಸಬೇಕು. ಗುರುಗಳು ಪಿಟೀಲು ವಾದಕರಲ್ಲ, ಹಾಡುಗಾರರು. ಶಿಷ್ಯ ಕಲಿತದ್ದು ಗಂಟಲಿನಿಂದ ಬಂದದ್ದನ್ನು ಕಮಾನಿನಲ್ಲಿ ಹೇಳುವುದನ್ನು. 1918ರವರೆಗೆ ಎಂಟು ವರ್ಷ ಕಟ್ಟುನಿಟ್ಟಿನ ಪಾಠ. ನಮಗೆ ಎರಡು ವರ್ಷದ ಪಿಯುಸಿಯೇ ಉದ್ದವಾಗಿ ಕಾಣುತ್ತದೆ.

ಆಗಿನ ಮೈಸೂರು ಸಂಗೀತಗಾರರಿಗೆ ತವರುಮನೆ ಇದ್ದ ಹಾಗೆ. ವೀಣೆ ಶೇಷಣ್ಣನವರು, ವಾಸುದೇವಾಚಾರ್ಯರು ಅಲ್ಲಿದ್ದರು. ಉತ್ತರದಿಂದ ಅಬ್ದುಲ್ ಕರೀಂ ಖಾನ್, ಫೈಯಾಜ್ ಖಾನ್ ಅವರಂಥ ಉಸ್ತಾದರು ಅರಮನೆಗೆ ಬಂದು ಹಾಡುತ್ತಿದ್ದರು. ಸಿತಾರ್‌ನ ಬರ್ಕತ್ ಉಲ್ಲಾ ಖಾನ್ ಆಸ್ಥಾನದಲ್ಲೇ ಇದ್ದರು. ಇದನ್ನು ಬರೆಯುವಾಗ ಅಬ್ಬಾ ಪಕ್ಕದಲ್ಲಿದ್ದರು, ಫೈಯಾಜ್ ಖಾನರ ಹೆಸರು ಕೇಳಿ ತಲೆಯೆತ್ತಿದರು. ಇಂಥ ಊರಿನಲ್ಲಿ ಕಿವಿ ತೆರೆದ ಹುಡುಗನಿಗೆ ಪಾಠ ಗುರುಗಳ ಮನೆಯಲ್ಲಿ ಮಾತ್ರ ನಡೆದಿರಲಾರದು.

ಕಲಿತು ಹೊರಬಂದ ಚೌಡಯ್ಯನವರು ಪಕ್ಕವಾದ್ಯಕ್ಕೆ ಕೂತರು. ಪಕ್ಕವಾದ್ಯವೆಂದರೆ ಹಾಡುವವರ ಬಲಕ್ಕೋ ಎಡಕ್ಕೋ ಕೂತು, ಅವರು ಹಾಡಿದ್ದನ್ನು ಹಿಂದೆಯೇ ನುಡಿಸುತ್ತಾ, ಅವರು ನಿಲ್ಲಿಸಿದ ಕಡೆ ಎತ್ತಿಕೊಂಡು ಹೋಗುವ ಕೆಲಸ. ಮುಂದಿನ ಮಾತನ್ನು ಮೊದಲೇ ಯಾರೂ ತಿಳಿಸಿರುವುದಿಲ್ಲ. ಚೆಂಬೈ ವೈದ್ಯನಾಥ ಭಾಗವತರು, ಅರಿಯಕುಡಿ ರಾಮಾನುಜ ಅಯ್ಯಂಗಾರ್ಯರು, ಮುಸಿರಿ ಸುಬ್ರಹ್ಮಣ್ಯ ಅಯ್ಯರ್, ಸೆಮ್ಮಂಗುಡಿ ಶ್ರೀನಿವಾಸ ಅಯ್ಯರ್, ಜಿ.ಎನ್. ಬಾಲಸುಬ್ರಹ್ಮಣ್ಯಂ, ಹೀಗೆ ಆ ಕಾಲದ ದೊಡ್ಡ ಗಾಯಕರ ಪಕ್ಕದಲ್ಲೆಲ್ಲ ಅವರು ಕೂತರು. ಅದರಲ್ಲೂ ಚೆಂಬೈ ಅವರ ಹಾಡು, ಚೌಡಯ್ಯನವರ ಪಿಟೀಲು, ಪಾಲ್ಘಾಟ್ ಮಣಿ ಅಯ್ಯರ್ ಅವರ ಮೃದಂಗ ಒಟ್ಟಿಗೆ ಸೇರಿದರೆ ಜನ ದೂರದೂರದಿಂದ ಬರುತ್ತಿದ್ದರು.

ಚೆಂಬೈ ಅವರದು ಗುಡುಗಿನಂಥ ಕಂಠ. ಈಗ ಯೋಚಿಸಿ. ಚಪ್ಪರದ ಕೆಳಗೆ ನೂರಾರು ಜನ. ಮೈಕು ಕಛೇರಿಗಳಿಗೆ ಇನ್ನೂ ಬಂದಿಲ್ಲ. ಪ್ರೊಫೆಸರ್ ಎಂ.ವಿ. ಗೋಪಾಲಸ್ವಾಮಿಯವರು ಮೈಸೂರಿನ ತಮ್ಮ ಮನೆಯಿಂದ ಆಕಾಶವಾಣಿ ಆರಂಭಿಸಿದ್ದೇ 1935ರಲ್ಲಿ. ಅದಕ್ಕೂ ಮೊದಲಿನ ಮಾತಿದು. ಗಾಯಕರ ದನಿ ಕೊನೆಯ ಸಾಲಿಗೆ ಹೋಗುತ್ತದೆ, ಮೃದಂಗದ ಪೆಟ್ಟೂ ಹೋಗುತ್ತದೆ, ನಡುವೆ ಕೂತ ಪಿಟೀಲು ಮುಂದಿನ ಹತ್ತು ಸಾಲಿಗೆ ಮುಗಿಯುತ್ತದೆ. ಹಿಂದಿನವರಿಗೆ ಕಮಾನು ಆಡುವುದು ಕಾಣುತ್ತದೆ, ನಾದ ಬರುವುದಿಲ್ಲ. ತಿ. ನರಸೀಪುರದ ಆ ರಾತ್ರಿ ನಾನೂ ಅಮ್ಮಿಯೂ ಕೂತಿದ್ದ ಜಾಗವೇ ಅದು.

ಚೌಡಯ್ಯನವರು 1927ರ ಸುಮಾರಿಗೆ ಪಿಟೀಲಿನ ನಾಲ್ಕು ತಂತಿಗಳಲ್ಲಿ ಮೂರಕ್ಕೆ ಒಂದೊಂದು ಜೊತೆ ತಂತಿ ಸೇರಿಸಿದರು. ಮೂರು ಜೋಡಿ, ಒಂದು ಒಂಟಿ, ಒಟ್ಟು ಏಳು. ಕಮಾನು ಎಳೆದರೆ ಜೋಡಿಯ ಎರಡೂ ತಂತಿ ಒಟ್ಟಿಗೆ ಮಿಡಿಯುತ್ತವೆ. ವಾದ್ಯ ಅದೇ ಅಳತೆಯದು, ಕೂರುವ ರೀತಿ ಅದೇ, ಪಾಠ ಅದೇ. ನಾದ ಮಾತ್ರ ತುಂಬಿಕೊಂಡಿತು.

ಇದನ್ನು ಓದಿದ ಕೂಡಲೇ ನಾನು ಮಾಡಿದ್ದು ಲೆಕ್ಕ. ಭೌತಶಾಸ್ತ್ರದ ನೋಟ್ಸಿನಲ್ಲಿರುವ ಡೆಸಿಬೆಲ್ ಪಾಠ ಇಲ್ಲಿ ನೇರವಾಗಿ ಕೂರುತ್ತದೆ. ಶಬ್ದದ ಶಕ್ತಿ ಎರಡರಷ್ಟಾದರೆ ಏರಿಕೆ 3 ಡೆಸಿಬೆಲ್ ಮಾತ್ರ. ಕಿವಿಗೆ ಎರಡು ಪಟ್ಟು ಜೋರು ಅನ್ನಿಸಬೇಕಾದರೆ ಸುಮಾರು 10 ಡೆಸಿಬೆಲ್ ಏರಬೇಕು, ಅಂದರೆ ಶಕ್ತಿ ಹತ್ತು ಪಟ್ಟು ಬೇಕು. ಹಾಗಾದರೆ ತಂತಿಯನ್ನು ಜೋಡಿ ಮಾಡಿದ ಮಾತ್ರಕ್ಕೆ ಪಿಟೀಲು ಎರಡು ಪಟ್ಟು ಜೋರಾಗಿರಲಿಕ್ಕಿಲ್ಲ. ಮೊದಲು ನನಗೆ ಸ್ವಲ್ಪ ನಿರಾಸೆಯೇ ಆಯಿತು. ಆಮೇಲೆ ಫೋನಿನಲ್ಲಿ ಚೆಂಬೈ ಅವರ ಹಳೆಯ ಧ್ವನಿಮುದ್ರಣವೊಂದನ್ನು ಹುಡುಕಿ, ಅಂಗಡಿಯ ಉಳಿದ ಒಂದು ಬಾಕ್ಸಿಗೆ ಹಾಕಿ ಕೇಳಿದೆ. ಪಿಟೀಲು ಬಂದಾಗ ಅದು ಒಬ್ಬರು ನುಡಿಸುವ ಹಾಗೆ ಕೇಳಲಿಲ್ಲ. ಇಬ್ಬರು ಒಂದೇ ಮನಸ್ಸಿನಿಂದ ನುಡಿಸಿದ ಹಾಗಿತ್ತು. ಎರಡು ತಂತಿಗಳನ್ನು ಎಷ್ಟು ಸರಿಯಾಗಿ ಶ್ರುತಿ ಮಾಡಿದರೂ ಕೂದಲೆಳೆಯಷ್ಟು ವ್ಯತ್ಯಾಸ ಇದ್ದೇ ಇರುತ್ತದೆ. ಆ ವ್ಯತ್ಯಾಸವೇ ನಾದಕ್ಕೆ ಮೈ ತುಂಬುತ್ತದೆ. ಹನ್ನೆರಡು ತಂತಿಯ ಗಿಟಾರ್, ಎಂಟು ತಂತಿಯ ಮ್ಯಾಂಡೊಲಿನ್ ಮಾಡುವುದೂ ಇದನ್ನೇ. ಗದ್ದಲದ ನಡುವೆ ಕಿವಿ ಜೋರಾದದ್ದನ್ನು ಮಾತ್ರ ಹುಡುಕುವುದಿಲ್ಲ, ದಪ್ಪವಾದದ್ದನ್ನೂ ಹಿಡಿಯುತ್ತದೆ ಎಂಬುದು ನನ್ನ ತಿಳುವಳಿಕೆ.

ಇದು ಸುಲಭಕ್ಕೆ ಸಿಕ್ಕ ಲಾಭವಲ್ಲ. ಏಳು ತಂತಿಗೆ ಏಳು ಬಿರಡೆ ಬೇಕು. ಕುದುರೆಯ ಮೇಲೆ, ಅದರ ಕೆಳಗಿನ ತೆಳು ಹಲಗೆಯ ಮೇಲೆ ಮೂರು ತಂತಿಗಳ ಬಿಗಿ ಹೆಚ್ಚಾಗಿ ಬೀಳುತ್ತದೆ. ಎಡಗೈಯ ಬೆರಳು ಒಂದು ತಂತಿಯ ಬದಲು ಎರಡನ್ನು ಒಟ್ಟಿಗೆ ಒತ್ತಬೇಕು, ಅದೂ ಒಂದೇ ಸ್ಥಾನದಲ್ಲಿ. ಕಮಾನಿಗೂ ಹೆಚ್ಚು ಬಲ ಬೇಕು. ಕಛೇರಿಯ ಮಧ್ಯೆ ಒಂದು ತಂತಿ ಸ್ವಲ್ಪ ಇಳಿದರೂ ಜೋಡಿಯೇ ಅಪಸ್ವರವಾಗುತ್ತದೆ. ನಾಲ್ಕು ತಂತಿಯಲ್ಲಿ ಸುಖವಾಗಿ ನುಡಿಸಿಕೊಂಡಿದ್ದವರು ಇಷ್ಟು ತಾಪತ್ರಯವನ್ನು ತಾವಾಗಿ ತಂದುಕೊಂಡರು. ಮೆಚ್ಚಿದವರಿದ್ದರು, ಮೂಗು ಮುರಿದವರೂ ಇದ್ದರು. ಚೌಡಯ್ಯನವರು ಮಾತ್ರ ಏಳು ತಂತಿಯನ್ನು ಬಿಡಲಿಲ್ಲ.

ಅತ್ತ ನಮ್ಮ ಅಂಗಡಿಯಲ್ಲಿ ಸುಟ್ಟ ಕಾಯಿಲ್ ಬದಲಾಯಿಸಿದ ಮೇಲೂ ಪ್ರಶ್ನೆ ಹಾಗೇ ಉಳಿದಿತ್ತು. ಬಾಸ್ ಗಿಟಾರ್ ತರುವ ತಂಡಗಳು ಈಗ ಹೆಚ್ಚಾಗುತ್ತಿವೆ. ಬೇಡವೆಂದರೆ ಬಾಡಿಗೆ ಮೈಸೂರಿನವರ ಪಾಲಾಗುತ್ತದೆ. ಹೊಸ ಬಾಕ್ಸ್ ಕೊಳ್ಳಲು ಅಬ್ಬಾ ನನ್ನ ಕಾಲೇಜಿನ ಖರ್ಚಿಗೆಂದು ಕಟ್ಟುತ್ತಿದ್ದ ಚೀಟಿಯ ಹಣವನ್ನೇ ಎತ್ತಬೇಕಾಗಿತ್ತು. ಆದ್ದರಿಂದ ಆರಿಸುವ ಕೆಲಸದಲ್ಲಿ ನನಗೂ ಪಾಲು ಬೇಕೆಂದು ಹಟ ಹಿಡಿದೆ. ತಪ್ಪಾದರೆ ನಷ್ಟ ನನ್ನದೂ ಹೌದಲ್ಲ.

ಮೊದಲು ತಿಳಿದುಕೊಳ್ಳಬೇಕಾದದ್ದು ಬಾಕ್ಸ್ ಯಾಕೆ ಬೇಕು ಎಂಬುದು. ಬಾಸ್ ಗಿಟಾರ್‌ನ ಅತಿ ದಪ್ಪ ತಂತಿ ಸೆಕೆಂಡಿಗೆ ಸುಮಾರು 41 ಸಲ ಕಂಪಿಸುತ್ತದೆ. ಆ ಶಬ್ದದ ಒಂದು ಅಲೆಯ ಉದ್ದ 8 ಮೀಟರಿಗೂ ಹೆಚ್ಚು, ನಮ್ಮ ತರಗತಿಯ ಕೊಠಡಿಯಷ್ಟು. ಸ್ಪೀಕರಿನ ಕಾಗದ ಮುಂದೆ ತಳ್ಳಿದಾಗ ಮುಂದಿನ ಗಾಳಿ ಒತ್ತುತ್ತದೆ, ಅದೇ ಕ್ಷಣ ಹಿಂದಿನ ಗಾಳಿ ಸಡಿಲವಾಗುತ್ತದೆ. ಬಾಕ್ಸ್ ಇಲ್ಲದೆ ಬರಿಯ ಸ್ಪೀಕರ್ ಇಟ್ಟರೆ ಇಷ್ಟು ಉದ್ದದ ಅಲೆಯಲ್ಲಿ ಮುಂದಿನದೂ ಹಿಂದಿನದೂ ಒಂದನ್ನೊಂದು ನುಂಗಿಬಿಡುತ್ತವೆ. ಹಾಗಾಗಿ ಹಿಂದಿನ ಗಾಳಿಯನ್ನು ಮರದ ಪೆಟ್ಟಿಗೆಯಲ್ಲಿ ಕೂಡಿಹಾಕುತ್ತಾರೆ. ಪೂರ್ತಿ ಮುಚ್ಚಿದ ಬಾಕ್ಸ್ ಒಂದು ಬಗೆ. ಇನ್ನೊಂದು ಬಗೆಯಲ್ಲಿ ಒಂದು ತೂತು ಬಿಟ್ಟಿರುತ್ತಾರೆ. ಖಾಲಿ ಬಾಟಲಿಯ ಬಾಯಿಗೆ ಊದಿದರೆ ಭೂಂ ಎನ್ನುತ್ತದಲ್ಲ, ಹಾಗೆ ಒಳಗಿನ ಗಾಳಿಯೇ ಒಂದು ಸ್ವರಕ್ಕೆ ದನಿಗೂಡಿಸುತ್ತದೆ. ಹೆಲ್ಮ್‌ಹೋಲ್ಟ್ಸ್ ಎಂಬ ಜರ್ಮನ್ ವಿಜ್ಞಾನಿಯ ಹೆಸರಿನಲ್ಲಿ ಇದನ್ನು ಓದುತ್ತೇವೆ.

ಇದನ್ನು ಓದುತ್ತಿದ್ದಾಗ ಪಿಟೀಲಿನ ಮೇಲೆ ಕುದುರೆಯ ಎರಡೂ ಬದಿಗೆ ಕೊರೆದಿರುವ ಆ ಡೊಂಕು ತೂತುಗಳು ನೆನಪಾದವು. ಅವು ಅಲಂಕಾರಕ್ಕೆ ಎಂದು ತಿಳಿದಿದ್ದೆ. ಅಲ್ಲ. ತಂತಿಯೊಂದೇ ಗಾಳಿಯನ್ನು ಅಷ್ಟಾಗಿ ಅಲುಗಿಸಲಾರದು, ಅದು ತೀರ ತೆಳು. ತಂತಿಯ ನಡುಕ ಕುದುರೆಯ ಮೂಲಕ ಹಲಗೆಗೆ ಇಳಿದು, ಹಲಗೆ ಗಾಳಿಯನ್ನು ತಳ್ಳುತ್ತದೆ, ಒಳಗಿನ ಗಾಳಿ ತೂತುಗಳ ಮೂಲಕ ಉಸಿರಾಡುತ್ತದೆ. ಪಿಟೀಲಿನಲ್ಲಿ ಈ ಗಾಳಿಯ ಸ್ವರ ಸೆಕೆಂಡಿಗೆ ಸುಮಾರು 270 ಕಂಪನದ ಆಸುಪಾಸಿನಲ್ಲಿದೆ. ಅಂದರೆ ಚೌಡಯ್ಯನವರ ಕೈಯಲ್ಲಿದ್ದದ್ದು ತೂತು ಬಿಟ್ಟ ಒಂದು ಪುಟ್ಟ ಬಾಕ್ಸೇ. ಪೆಟ್ಟಿಗೆಯನ್ನು ದೊಡ್ಡದು ಮಾಡಿದ್ದರೆ ಅದು ಪಿಟೀಲಾಗಿ ಉಳಿಯುತ್ತಿರಲಿಲ್ಲ, ಹೆಗಲ ಮೇಲೆ ಕೂರುತ್ತಲೂ ಇರಲಿಲ್ಲ. ಪೆಟ್ಟಿಗೆ ಹಾಗೇ ಇಟ್ಟು ತಂತಿ ಹೆಚ್ಚಿಸಿದರು.

ಬಾಸ್ ಗಿಟಾರ್ ಹುಟ್ಟಿದ ಕಥೆಯೂ ಇದಕ್ಕೆ ಹತ್ತಿರವೇ. ಅಮೆರಿಕದಲ್ಲಿ ಆಳೆತ್ತರದ ಬಾಸ್ ಪಿಟೀಲನ್ನು ನಿಂತು ನುಡಿಸುತ್ತಿದ್ದರು. ಡ್ರಮ್ಸು, ಕಹಳೆಗಳ ನಡುವೆ ಅದು ಕೇಳುತ್ತಿರಲಿಲ್ಲ, ಹೊತ್ತು ತಿರುಗುವುದಂತೂ ಶಿಕ್ಷೆ. 1951ರಲ್ಲಿ ಲಿಯೋ ಫೆಂಡರ್ ಎಂಬವರು ಅದನ್ನು ಗಿಟಾರಿನಂತೆ ಮಾಡಿ ವಿದ್ಯುತ್ತಿಗೆ ಜೋಡಿಸಿ ಮಾರಾಟಕ್ಕೆ ತಂದರು. ಆಗ ಕಷ್ಟ ವಾದ್ಯದಿಂದ ಬಾಕ್ಸಿಗೆ ವರ್ಗವಾಯಿತು. 1969ರಲ್ಲಿ ಆಂಪೆಗ್ ಕಂಪನಿ ದೊಡ್ಡ ಮೈದಾನಗಳಿಗೆಂದು 300 ವಾಟಿನ ಆಂಪ್ಲಿಫೈಯರ್ ಮಾಡಿದಾಗ ಅದರ ಬಾಕ್ಸಿನಲ್ಲಿ ಇಟ್ಟದ್ದು ಒಂದು ದೊಡ್ಡ ಸ್ಪೀಕರ್ ಅಲ್ಲ, 10 ಇಂಚಿನ ಎಂಟು ಸ್ಪೀಕರುಗಳು. ಒಂದನ್ನು ಹಿಗ್ಗಿಸುವ ಬದಲು ಹಲವನ್ನು ಜೊತೆ ಮಾಡಿದರು. ತಿರುಮಕೂಡಲಿನವರ ಯೋಚನೆಯೂ ಅದೇ ಅಲ್ಲವೇ ಎಂದು ನನಗೆ ನಗು ಬಂತು.

ನಮ್ಮ ಮುಂದೆ ಮೂರು ದಾರಿಗಳಿದ್ದವು. 15 ಇಂಚಿನ ಸ್ಪೀಕರ್ ಇರುವ ಒಂದೇ ದೊಡ್ಡ ಬಾಕ್ಸ್, ಅದರ ಮೇಲೆ ಅಬ್ಬಾ ಅವರ ಕಣ್ಣು. ಬಡಗಿಯಿಂದ ಪ್ಲೈವುಡ್ಡಿನಲ್ಲಿ ಮಾಡಿಸುವುದು, ಅಗ್ಗ. ಇಲ್ಲವೇ 10 ಇಂಚಿನ ಎರಡೆರಡು ಸ್ಪೀಕರ್ ಇರುವ ಎರಡು ಸಣ್ಣ ಬಾಕ್ಸುಗಳು. ಬಡಗಿಯ ಬಾಕ್ಸನ್ನು ನಾನೇ ಬೇಡವೆಂದೆ. ಒಳಗಿನ ಅಳತೆ, ತೂತಿನ ಉದ್ದ ಎಲ್ಲ ಆ ಸ್ಪೀಕರಿಗೆ ಹೊಂದದಿದ್ದರೆ ಒಂದೇ ಸ್ವರ ಗುಂಯ್ ಎಂದು ಉಬ್ಬುತ್ತದೆ, ಉಳಿದವು ಸತ್ತಿರುತ್ತವೆ. ಒಳ್ಳೆಯ ಬಡಗಿ ಇಲ್ಲವೆಂದಲ್ಲ, ಲೆಕ್ಕ ಹಾಕಿಕೊಡುವವರು ನಮ್ಮಲ್ಲಿ ಇರಲಿಲ್ಲ.

ಮೈಸೂರಿನ ಅಂಗಡಿಯಲ್ಲಿ ಎಲ್ಲರೂ ವಾಟ್ ಎಷ್ಟು ಎಂದೇ ಕೇಳುತ್ತಿದ್ದರು. ನಾನು ಬಾಕ್ಸಿನ ಹಿಂದೆ ಅಂಟಿಸಿದ್ದ ಚೀಟಿಯಲ್ಲಿ ಇನ್ನೊಂದು ಸಂಖ್ಯೆ ಹುಡುಕಿದೆ, ಒಂದು ವಾಟ್ ಕೊಟ್ಟರೆ ಒಂದು ಮೀಟರ್ ದೂರದಲ್ಲಿ ಎಷ್ಟು ಡೆಸಿಬೆಲ್ ಬರುತ್ತದೆ ಎಂಬುದು. ಒಂದರ ಮೇಲೆ 94 ಇತ್ತು, ಇನ್ನೊಂದರ ಮೇಲೆ 97. ಮೂರೇ ವ್ಯತ್ಯಾಸ ಎಂದು ಅಂಗಡಿಯ ಹುಡುಗನಿಗೆ ಅನ್ನಿಸಿತು. ಆದರೆ ಆ ಮೂರನ್ನು ತುಂಬಲು ಮೊದಲನೆಯದಕ್ಕೆ ಎರಡರಷ್ಟು ವಾಟ್ ಸುರಿಯಬೇಕು. ಚೌಡಯ್ಯನವರ ತಂತಿಗೆ ಹಾಕಿದ ಲೆಕ್ಕವೇ ಇಲ್ಲಿ ಕೆಲಸಕ್ಕೆ ಬಂತು. ಇನ್ನೊಂದು ಸಂಖ್ಯೆ ಓಮ್. ನಮ್ಮ ಆಂಪ್ಲಿಫೈಯರ್ 4 ಓಮ್‌ವರೆಗೆ ತಡೆಯುತ್ತದೆ. 8 ಓಮಿನ ಎರಡು ಬಾಕ್ಸ್ ಸಮಾಂತರವಾಗಿ ಜೋಡಿಸಿದರೆ ಸರಿಯಾಗಿ 4. ಮೂರನೆಯದನ್ನು ಸೇರಿಸಿದರೆ 3ಕ್ಕಿಂತ ಕೆಳಗೆ ಇಳಿದು ಆಂಪ್ಲಿಫೈಯರೇ ಸುಡಬಹುದು. ಸಮಾಂತರ ರೋಧಕಗಳ ಲೆಕ್ಕ ಪರೀಕ್ಷೆಗೆ ಮಾತ್ರ ಎಂದುಕೊಂಡಿದ್ದವರು ಇದನ್ನು ಗಮನಿಸಿ.

ಕೊನೆಗೆ ಎರಡು ಸಣ್ಣ ಬಾಕ್ಸುಗಳನ್ನೇ ತಂದೆವು. ಸಣ್ಣ ಕಾರ್ಯಕ್ರಮಕ್ಕೆ ಒಂದು, ಬಯಲಿಗೆ ಎರಡು. ಒಂದೊಂದನ್ನು ಒಬ್ಬರೇ ಎತ್ತಬಹುದು. ಅಬ್ಬಾ ಅವರ ಸೊಂಟದ ನೋವು ಬಲ್ಲ ಅಮ್ಮಿ ಡೆಸಿಬೆಲ್ ಗಿಸಿಬೆಲ್ ಕೇಳಲೇ ಇಲ್ಲ, ತೂಕ ಕೇಳಿ ಒಪ್ಪಿಕೊಂಡರು. 15 ಇಂಚಿನದರಲ್ಲಿ ತೀರ ತಳದ ಸ್ವರಗಳು ಇನ್ನಷ್ಟು ಚೆನ್ನಾಗಿ ಬರುತ್ತಿದ್ದವು ಎಂಬುದನ್ನು ಒಪ್ಪುತ್ತೇನೆ. ಅಬ್ಬಾ ಈಗಲೂ ಅದನ್ನು ಆಗಾಗ ನೆನಪಿಸುತ್ತಾರೆ.

ಚೌಡಯ್ಯನವರ ಕಥೆ ಅರ್ಧಕ್ಕೆ ನಿಂತಿತು. ಗುರು ಕೃಷ್ಣಪ್ಪನವರು 1931ರಲ್ಲಿ ತೀರಿಕೊಂಡರು. ಅವರು ಮೈಸೂರಿನಲ್ಲಿ ಕಟ್ಟಿಸಿದ ರಾಮಮಂದಿರ ಸಂಗೀತ ಕಛೇರಿಗಳಿಗೂ ಮನೆಯಾಗಿತ್ತು. ಗುರುಗಳ ನಂತರ ಅದರ ಹೊಣೆಯಲ್ಲಿ ಶಿಷ್ಯ ಹೆಗಲು ಕೊಟ್ಟರು. ಮೈಸೂರಿನ ಆಸ್ಥಾನ ವಿದ್ವಾಂಸರಾದರು. ಕಲಿಯಬೇಕೆಂಬ ಮಕ್ಕಳಿಗಾಗಿ ಅಯ್ಯನಾರ್ ಸಂಗೀತ ಕಲಾಶಾಲೆಯನ್ನು ತೆರೆದರು. ಕಂಡದೇವಿ ಅಳಗಿರಿಸ್ವಾಮಿ, ವಿ. ಸೇತುರಾಮಯ್ಯ ಮೊದಲಾದವರು ಅವರ ಬಳಿ ಕಲಿತವರು. ತಾವೇ ಕೃತಿಗಳನ್ನೂ ರಚಿಸಿದರು. ಅವುಗಳಲ್ಲಿ ಅಂಕಿತ ತ್ರಿಮಕುಟ. ಹೆಸರು ಮದರಾಸಿನವರೆಗೆ ಹೋದರೂ ಸಹಿ ಮಾತ್ರ ತಿರುಮಕೂಡಲಿನದೇ ಆಗಿ ಉಳಿಯಿತು.

1943ರಲ್ಲಿ ವಾಣಿ ಎಂಬ ಕನ್ನಡ ಚಿತ್ರ ಬಂತು. ಅದರಲ್ಲಿ ಚೆಂಬೈ ಅವರ ಕಛೇರಿಯ ದೃಶ್ಯವಿದೆ, ಪಕ್ಕದಲ್ಲಿ ಪಿಟೀಲು ಹಿಡಿದವರು ಚೌಡಯ್ಯನವರು. ಅಷ್ಟು ಹೊತ್ತಿಗೆ ಮೈಕು ಕಛೇರಿಗಳಿಗೂ ಬರತೊಡಗಿತ್ತು. ತಮಾಷೆಯೆಂದರೆ, ಮೈಕು ಬಂದ ಮೇಲೆ ಏಳು ತಂತಿಗೆ ಕಾರಣವೇ ಇರಲಿಲ್ಲ. ಆದರೂ ಅವರು ನಾಲ್ಕಕ್ಕೆ ಹಿಂದಿರುಗಲಿಲ್ಲ. ಕೊನೆಯ ಸಾಲಿಗಾಗಿ ಮಾಡಿಕೊಂಡ ದನಿ ಅಷ್ಟು ಹೊತ್ತಿಗೆ ಅವರ ಸ್ವಂತ ದನಿಯಾಗಿಬಿಟ್ಟಿತ್ತು ಎಂದು ಕಾಣುತ್ತದೆ. ಅವರ ನಂತರ ಬಹುಪಾಲು ವಾದಕರು ನಾಲ್ಕರಲ್ಲೇ ಉಳಿದರು. ಅದಕ್ಕೆ ಯಾರನ್ನೂ ದೂರುವಂತಿಲ್ಲ. ಹಿಂದಿನ ಸಾಲಿಗೆ ಮುಟ್ಟಿಸುವ ಕೆಲಸ ಆಗ ನಮ್ಮ ಅಬ್ಬಾ ಅವರಂಥವರ ಕೈಗೆ ಬಂದಿತ್ತು.

1957ರಲ್ಲಿ ಮದರಾಸಿನ ಮ್ಯೂಸಿಕ್ ಅಕಾಡೆಮಿ ಅವರಿಗೆ ಸಂಗೀತ ಕಲಾನಿಧಿ ಬಿರುದು ಕೊಟ್ಟಿತು. ಕರ್ನಾಟಕ ಸಂಗೀತಗಾರರಿಗೆ ಅದಕ್ಕಿಂತ ದೊಡ್ಡ ಗೌರವ ಕಡಿಮೆ. ಹತ್ತು ವರ್ಷದ ಬಳಿಕ, 1967ರ ಜನವರಿ 19ರಂದು ಅವರು ತೀರಿಕೊಂಡರು. ರಾಜ್ಯ ಸರ್ಕಾರ ಅವರ ಹೆಸರಿನಲ್ಲಿ ಸಂಗೀತಗಾರರಿಗೆ ಪ್ರಶಸ್ತಿ ಕೊಡುತ್ತದೆ. ಬೆಂಗಳೂರಿನ ಮಲ್ಲೇಶ್ವರದ ಬಳಿ ಕೆ.ಕೆ. ಮೂರ್ತಿಯವರು ಅವರ ನೆನಪಿಗೆ ಕಟ್ಟಿಸಿದ ಸಭಾಂಗಣ 1980ರಲ್ಲಿ ತೆರೆಯಿತು. ಆ ಕಟ್ಟಡವೇ ಮಲಗಿಸಿಟ್ಟ ಪಿಟೀಲು. ವಿಜ್ಞಾನ ಪ್ರದರ್ಶನಕ್ಕೆ ಬೆಂಗಳೂರಿಗೆ ಹೋದಾಗ ಬಸ್ಸಿನಿಂದ ನೋಡಿದೆ. ತಂತಿಗಳನ್ನು ಎಣಿಸುವಷ್ಟರಲ್ಲಿ ಸಿಗ್ನಲ್ ಬಿಟ್ಟುಬಿಟ್ಟಿತು.

ಹೊಸ ಬಾಕ್ಸುಗಳು ಮೊದಲ ಸಲ ಹೊರಗೆ ಹೋದದ್ದು ನಂಜನಗೂಡಿನಲ್ಲೇ, ಬಯಲಿನಲ್ಲಿ ನಡೆದ ಒಂದು ಕಾರ್ಯಕ್ರಮಕ್ಕೆ. ಬಾಸ್ ನುಡಿಸಿದವನು ತಿ. ನರಸೀಪುರದಲ್ಲಿ ನಮ್ಮ ಕಾಯಿಲ್ ಸುಟ್ಟ ಹುಡುಗನೇ. ಅಬ್ಬಾ ಅವನನ್ನೇ ಕರೆಸಿದ್ದರು. ಈ ಸಲ ನಾವು ಮೊದಲೇ ಒಂದು ಒಪ್ಪಂದ ಮಾಡಿಕೊಂಡಿದ್ದೆವು. ನಾನು ಅಮ್ಮಿ ಜೊತೆ ಹಿಂದಿನ ಸಾಲಿನಲ್ಲಿ ಕೂರುವುದು, ಬಾಸ್ ಕೇಳಿಸದಿದ್ದರೆ ಫೋನಿನ ಟಾರ್ಚನ್ನು ಒಂದು ಸಲ ಹಾಕುವುದು, ಸರಿಯಾಗಿದ್ದರೆ ಎರಡು ಸಲ. ಮೊದಲ ಹಾಡಿಗೆ ಒಂದು ಸಲ ಹಾಕಿದೆ. ದೂರದಲ್ಲಿ ಅಬ್ಬಾ ತಲೆ ಬಗ್ಗಿಸಿ ಗುಂಡಿ ತಿರುಗಿಸುವುದು ಕಂಡಿತು. ಎರಡನೆಯ ಹಾಡಿನ ನಡುವೆ ನಾನು ಕೂತಿದ್ದ ಪ್ಲಾಸ್ಟಿಕ್ ಕುರ್ಚಿಯ ಬೆನ್ನಿನಲ್ಲಿ ಸಣ್ಣಗೆ ಏನೋ ಮಿಡಿಯಿತು. ಅಮ್ಮಿಯೂ ತಿರುಗಿ ನನ್ನ ಮುಖ ನೋಡಿದರು. ಟಾರ್ಚ್ ಎರಡು ಸಲ ಹಾಕಿದೆ. ಅಬ್ಬಾ ಗುಂಡಿಯಿಂದ ಕೈ ತೆಗೆದರು.